ಬಚ್ಚಲುಮನೆಯ ಟೈಲ್ಸ್ ಸಂದುಗಳು: ಹಳೆಯ ಗ್ರೌಟ್ ತೆಗೆದು ಹೊಸದನ್ನು ತುಂಬುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಬಚ್ಚಲುಮನೆಗಳಲ್ಲಿ ಟೈಲ್ಸ್ ಸಂದಿನ ಗ್ರೌಟ್, ಅಂದರೆ ಸಂದು ತುಂಬುವ ಗಾರೆ, ಬೇಗ ಹಾಳಾಗುವುದಕ್ಕೆ ವಯಸ್ಸೊಂದೇ ಕಾರಣವಲ್ಲ. ಬೋರ್‌ವೆಲ್ಲಿನ ಗಡಸು ನೀರು ಟೈಲ್ಸ್ ಮೇಲೆ ಬಿಳಿಯ ಉಪ್ಪಿನ ಪದರ ಬಿಡುತ್ತದೆ. ಅದನ್ನು ತೆಗೆಯಲು ಬಾಟಲಿಯಲ್ಲಿ ಸಿಗುವ ಆಸಿಡ್ ಸುರಿಯುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಮೆರುಗು ಲೇಪನವಿರುವ ಟೈಲ್ಸ್ ಆ ಹೊಡೆತವನ್ನು ಸಾಕಷ್ಟು ತಡೆದುಕೊಳ್ಳುತ್ತದೆ, ಆದರೆ ಸಂದಿನಲ್ಲಿರುವುದು ಸಿಮೆಂಟು. ಸಿಮೆಂಟಿನ ಸುಣ್ಣದಂಶವನ್ನು ಆಸಿಡ್ ಕರಗಿಸುವುದರಿಂದ, ಪ್ರತಿ ಸಲ ತೊಳೆದಾಗಲೂ ಸಂದು ಸ್ವಲ್ಪ ಸ್ವಲ್ಪವಾಗಿ ಸವೆದು, ಕೊನೆಗೆ ಬೆರಳಲ್ಲಿ ಕೆರೆದರೂ ಪುಡಿ ಉದುರುವ ಸ್ಥಿತಿಗೆ ಬರುತ್ತದೆ. ಆಸಿಡ್ ಬಳಕೆಯನ್ನು ಬಿಡದೆ ಹೊಸ ಸಿಮೆಂಟ್ ಗ್ರೌಟ್ ತುಂಬಿಸಿದರೆ ಅದಕ್ಕೂ ಇದೇ ಗತಿಯಾಗುತ್ತದೆ. ಅಂಗಳಕ್ಕೆ ಶಹಾಬಾದ್ ಫರಸಿ ಹಾಸಿದ್ದರೆ ಅಲ್ಲಂತೂ ಆಸಿಡ್ ಮುಟ್ಟಿಸಲೇಬಾರದು. ಅದು ಸುಣ್ಣದ ಕಲ್ಲಾದ್ದರಿಂದ ಸಂದಿನ ಜೊತೆಗೆ ಕಲ್ಲೇ ಸವೆಯುತ್ತದೆ.

ಇನ್ನೊಂದು ಕಾರಣ ನೆಲದ್ದು. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅಂಥ ಮಣ್ಣಿನ ಮೇಲೆ ಬುನಾದಿಯನ್ನು ಗಟ್ಟಿಯಾಗಿ ಮಾಡದೆ ಕಟ್ಟಿದ ಮನೆಯ ನೆಲ ಅಲುಗಾಡುತ್ತಲೇ ಇರುತ್ತದೆ. ಬಿರುಕು ಸಂದಿನಲ್ಲಿ ಮಾತ್ರ ಕಾಣಿಸಿದರೆ ಅದು ಗ್ರೌಟಿನ ತೊಂದರೆಯಾಗಿರಬಹುದು. ಆದರೆ ಅದೇ ಗೆರೆ ಸಂದನ್ನು ದಾಟಿ ಟೈಲ್ಸನ್ನೂ ಸೀಳಿಕೊಂಡು ಮುಂದೆ ಹೋಗಿದ್ದರೆ ನೆಲವೇ ಸರಿದಿದೆ ಎಂದು ತಿಳಿಯಬೇಕು. ಆಗ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಒಂದು ಮಳೆಗಾಲ ಕಳೆಯುವವರೆಗೆ ಅದು ಬೆಳೆಯುತ್ತದೆಯೇ ಎಂದು ನೋಡುವುದು ಮತ್ತು ಬಚ್ಚಲಿನ ನೀರು ಬುನಾದಿಯ ಪಕ್ಕದಲ್ಲಿ ನಿಂತು ಇಂಗದಂತೆ ಮಾಡುವುದು ಮೊದಲು ಆಗಬೇಕಾದ ಕೆಲಸಗಳು.

ಕೆಲಸಕ್ಕೆ ಕೈಹಾಕುವ ಮುನ್ನ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಪ್ರತಿಯೊಂದು ಟೈಲ್ಸನ್ನೂ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದರೆ ಅಡಿಯ ಗಾರೆ ಬಿಟ್ಟುಕೊಂಡಿದೆ ಎಂದರ್ಥ, ಅಂಥದ್ದನ್ನು ಎಬ್ಬಿಸಿ ಮತ್ತೆ ಕೂರಿಸದೆ ಸಂದು ತುಂಬಿಸಿದರೆ ಹಾಕಿದ ಗ್ರೌಟ್ ನಿಲ್ಲುವುದಿಲ್ಲ. ಹಾಗೆಯೇ ಬಚ್ಚಲಿನ ಆಚೆಯ ಗೋಡೆಗೆ ಅಥವಾ ಕೆಳಗಿನ ಕೋಣೆಯ ಚಾವಣಿಗೆ ತೇವ ಹತ್ತಿದ್ದರೆ, ಗ್ರೌಟ್ ಬದಲಿಸಿದ ಮಾತ್ರಕ್ಕೆ ಅದು ನಿಲ್ಲುತ್ತದೆಂದು ನಂಬಬಾರದು. ನೀರನ್ನು ತಡೆಯುವುದು ಟೈಲ್ಸಿನ ಕೆಳಗಿನ ವಾಟರ್‌ಪ್ರೂಫಿಂಗ್ ಪದರ. ಗ್ರೌಟ್ ಆ ನೀರಿನ ಪ್ರಮಾಣವನ್ನು ಕಡಿಮೆ ಮಾಡುತ್ತದೆ, ಅಷ್ಟೇ.

ಯಾವ ಗ್ರೌಟ್ ಎಂಬುದನ್ನು ಸಂದಿನ ಅಗಲ ನಿರ್ಧರಿಸುತ್ತದೆ. 3 ಮಿ.ಮೀ.ವರೆಗಿನ ಸಂದಿಗೆ ಮರಳಿಲ್ಲದ ನುಣುಪಾದ ಸಿಮೆಂಟ್ ಗ್ರೌಟ್, ಅದಕ್ಕಿಂತ ಅಗಲವಾದುದಕ್ಕೆ ಮರಳು ಬೆರೆತದ್ದು ಸೂಕ್ತ. ಗೌಂಡಿಗಳು ಬಿಳಿ ಸಿಮೆಂಟಿಗೆ ಬಣ್ಣದ ಪುಡಿ ಬೆರೆಸಿ ತುಂಬಿಸುವ ರೂಢಿ ಇನ್ನೂ ಇದೆ; ಅದು ಅಗ್ಗವಾದರೂ ಬೇಗ ಕುಗ್ಗಿ ಬಿರಿಯುವುದರಿಂದ ಬಚ್ಚಲಿಗೆ ನಾನು ಅದನ್ನು ಒಪ್ಪುವುದಿಲ್ಲ. ಉಪ್ಪು ನೀರಿನ ಮನೆಗಳಲ್ಲಿ ನೆಲಕ್ಕೆ ಮತ್ತು ಗೋಡೆಯ ಕೆಳಗಿನ ಮೂರು ನಾಲ್ಕು ಅಡಿಗೆ ಎಪಾಕ್ಸಿ (ಸಿಮೆಂಟಿನ ಬದಲು ರಾಳದಿಂದ ಗಟ್ಟಿಯಾಗುವ) ಗ್ರೌಟ್ ಹಾಕಿಸುವುದು, ಬೆಲೆ ಹಲವು ಪಟ್ಟು ಹೆಚ್ಚಾದರೂ, ಲಾಭವೇ. ಅದು ನೀರು ಹೀರುವುದಿಲ್ಲ, ಕಲೆ ಹಿಡಿಯುವುದು ಕಡಿಮೆ, ಶುಚಿಗೊಳಿಸುವ ದ್ರವಗಳಿಗೂ ಸುಲಭವಾಗಿ ಸೋಲುವುದಿಲ್ಲ. ಬಣ್ಣದ ವಿಷಯಕ್ಕೆ ಬಂದರೆ, ಸಂಡೂರು, ತೋರಣಗಲ್ಲು ಕಡೆ ಅದಿರಿನ ಕೆಂಧೂಳು ಮನೆಯೊಳಗೂ ಬರುವುದರಿಂದ ಬಿಳಿಯ ಗ್ರೌಟ್ ಬಹಳ ದಿನ ಬಿಳಿಯಾಗಿ ಉಳಿಯದು. ಬೂದು ಅಥವಾ ಕಂದು ಬಣ್ಣವೇ ಲೇಸು.

ಎಷ್ಟು ಕೊಳ್ಳಬೇಕೆಂಬ ಲೆಕ್ಕ ಕಷ್ಟದ್ದಲ್ಲ. ಟೈಲ್ಸಿನ ಉದ್ದ ಮತ್ತು ಅಗಲವನ್ನು ಕೂಡಿಸಿ, ಆ ಮೊತ್ತವನ್ನು ಉದ್ದ ಅಗಲಗಳ ಗುಣಲಬ್ಧದಿಂದ ಭಾಗಿಸಿ, ಬಂದುದನ್ನು ಸಂದಿನ ಆಳ, ಸಂದಿನ ಅಗಲ ಮತ್ತು 1.6ರಿಂದ ಗುಣಿಸಿದರೆ ಒಂದು ಚದರ ಮೀಟರಿಗೆ ಬೇಕಾದ ಕಿಲೋ ಸಿಗುತ್ತದೆ. ಎಲ್ಲ ಅಳತೆಗಳೂ ಮಿ.ಮೀ.ನಲ್ಲಿರಬೇಕು. 300 ಮಿ.ಮೀ. ಚೌಕದ, 8 ಮಿ.ಮೀ. ದಪ್ಪದ ಟೈಲ್ಸಿಗೆ 3 ಮಿ.ಮೀ. ಸಂದಿದ್ದರೆ ಸುಮಾರು 0.26 ಕಿಲೋ ಬೀಳುತ್ತದೆ. 5 ಅಡಿ ಅಗಲ, 7 ಅಡಿ ಉದ್ದದ ಬಚ್ಚಲ ನೆಲ ಸುಮಾರು 3.25 ಚದರ ಮೀಟರ್ ಆದ್ದರಿಂದ, ಪೂರ್ತಿ ಆಳಕ್ಕೆ ತುಂಬಿಸಿದರೂ ಒಂದು ಕಿಲೋ ಪೊಟ್ಟಣ ಸಾಕು.

ಟೈಲ್ಸ್ ಮೇಲಿನ ಹಳೆಯ ಉಪ್ಪಿನ ಪದರವನ್ನು ಹೇಗೂ ತೆಗೆಯಬೇಕೆಂದಿದ್ದರೆ ಹಳೆಯ ಗ್ರೌಟ್ ಇನ್ನೂ ಇರುವಾಗಲೇ ತೆಗೆಯಬೇಕು. ಸಂದು ತೆರೆದ ಮೇಲೆ ಆಸಿಡ್ ಬಳಸಿದರೆ ಅದು ಅಡಿಯ ಗಾರೆಗೇ ಇಳಿಯುತ್ತದೆ. ನೀರು ಬೆರೆಸಿ ತೆಳು ಮಾಡಿದ ಆಸಿಡನ್ನು ಬ್ರಷ್ಷಿನಿಂದ ಹಚ್ಚಿ, ಬೇಗ ತೊಳೆದು, ಅಡುಗೆ ಸೋಡಾ ಕರಗಿಸಿದ ನೀರಿನಿಂದ ಇನ್ನೊಮ್ಮೆ ತೊಳೆಯಬೇಕು. ಆಸಿಡನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಸಿಡಿಗೆ ಹಾಕಬಾರದು, ಬ್ಲೀಚಿಂಗ್ ಪೌಡರನ್ನು ಅದರ ಹತ್ತಿರವೂ ತರಬಾರದು. ಅವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದು, ಹೆಚ್ಚು ತಾಳ್ಮೆ ಬೇಡುವುದು ಹಳೆಯದನ್ನು ತೆಗೆಯುವ ಹಂತ. ಗೌಂಡಿಗೆ ಕೆಲಸ ಒಪ್ಪಿಸಿದವರು ಎದುರು ನಿಂತು ನೋಡಬೇಕಾದದ್ದೂ ಇದನ್ನೇ, ಏಕೆಂದರೆ ಹಳೆಯ ಗ್ರೌಟಿನ ಮೇಲೆಯೇ ತೆಳ್ಳಗೆ ಹೊಸದನ್ನು ಸವರಿ ಹೋದರೆ ಆ ದಿನ ಯಾರಿಗೂ ಗೊತ್ತಾಗುವುದಿಲ್ಲ, ಕೆಲವೇ ತಿಂಗಳಲ್ಲಿ ಅದು ಹಪ್ಪಳೆಯಾಗಿ ಏಳುತ್ತದೆ. ಸಂದಿನ ಆಳದಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲಾದರೂ ಖಾಲಿಯಾಗಬೇಕು. ಮೊದಲು ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿಯ) ಬಾಯಿಗೆ ಬಟ್ಟೆ ತುರುಕಿ, ಕಮೋಡು ಮತ್ತು ನಲ್ಲಿಗಳಿಗೆ ಪ್ಲಾಸ್ಟಿಕ್ ಸುತ್ತಿ, ಗೀಜರಿನ ಕರೆಂಟ್ ಬಂದ್ ಮಾಡಬೇಕು. ಧೂಳಿನಲ್ಲಿ ಸಿಲಿಕಾ ಇರುವುದರಿಂದ ಎನ್-95 ಮಾಸ್ಕ್ ಮತ್ತು ಕಣ್ಣಿಗೆ ಕನ್ನಡಕ ಕಡ್ಡಾಯ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಆ ಸೂಕ್ಷ್ಮ ಧೂಳು ನಿಲ್ಲುವುದಿಲ್ಲ.

ಸಾಧನಗಳಲ್ಲಿ ಗ್ರೌಟ್ ಕೆರೆಯುವ ಕೈಗರಗಸವೇ ಸುರಕ್ಷಿತ. ಅದು ಸಿಗದ ಊರುಗಳಲ್ಲಿ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ದಪ್ಪ ಬಟ್ಟೆ ಸುತ್ತಿ ಹಿಡಿಕೆ ಮಾಡಿಕೊಂಡರೂ ನಡೆಯುತ್ತದೆ. ಬ್ಲೇಡನ್ನು ಸಂದಿನ ನಡುವೆ ನೆಟ್ಟಗೆ ಇಟ್ಟು, ಮೊದಲು ಹಗುರವಾಗಿ ಎಳೆದು ಒಂದು ಗೀರು ಮಾಡಿಕೊಂಡು, ಆಮೇಲೆ ಒತ್ತಡ ಹೆಚ್ಚಿಸುತ್ತ ಹೋಗಬೇಕು; ಅಂಚಿಗೆ ಉಳಿದದ್ದನ್ನು ಬ್ಲೇಡನ್ನು ಸ್ವಲ್ಪ ವಾಲಿಸಿ ತೆಗೆಯಬಹುದು. ಟೈಲ್ಸನ್ನು ಇಟ್ಟಿಗೆ ಜೋಡಣೆಯಂತೆ ಸಾಲು ತಪ್ಪಿಸಿ ಕೂರಿಸಿದ ಗೋಡೆಯಲ್ಲಿ ಅಡ್ಡ ಸಂದುಗಳಿಗಿಂತ ನಿಲುವು ಸಂದುಗಳು ಚಿಕ್ಕವಾದ್ದರಿಂದ ಅಲ್ಲಿ ಕೈ ಜಾರಿ ಮೇಲಿನ ಟೈಲ್ಸಿಗೆ ಗೀರು ಬೀಳುವ ಸಂಭವ ಹೆಚ್ಚು. ಅಲುಗಾಡುವ ಬ್ಲೇಡಿನ ಮಲ್ಟಿ-ಟೂಲ್ ಯಂತ್ರ ಇದ್ದರೆ ಕೆಲಸ ಬಹಳ ಚುರುಕಾಗುತ್ತದೆ. ನಾಲ್ಕು ಇಂಚಿನ ಗ್ರೈಂಡರನ್ನು ಮಾತ್ರ ನುರಿತ ಕೈಗಳಿಗಷ್ಟೇ ಬಿಡಬೇಕು: ಅದರ ಚಕ್ರ ಒಂದು ಕ್ಷಣ ವಾಲಿದರೂ ಟೈಲ್ಸಿನ ಅಂಚು ಸಿಡಿಯುತ್ತದೆ, ಆಳಕ್ಕಿಳಿದರೆ ವಾಟರ್‌ಪ್ರೂಫಿಂಗ್ ಪದರವೇ ಕತ್ತರಿಸಿಹೋಗುತ್ತದೆ. ಹಿಂದೆ ಟೈಲ್ಸನ್ನು ಸಂದೇ ಇಲ್ಲದಂತೆ ಒಂದಕ್ಕೊಂದು ಒತ್ತಿ ಕೂರಿಸಿದ ಮನೆಗಳೂ ಸಾಕಷ್ಟಿವೆ. ಅಲ್ಲಿ ಗ್ರೈಂಡರಿನಿಂದ ಅಗಲ ಮಾಡಲು ಹೋಗದೆ, ಕಟರ್ ಬ್ಲೇಡಿನಿಂದ ಬಿಡಿಸಿದಷ್ಟನ್ನು ಬಿಡಿಸಿ ಮರಳಿಲ್ಲದ ಗ್ರೌಟನ್ನೇ ಒತ್ತಬೇಕು.

ಕೆರೆದು ಮುಗಿದ ಮೇಲೆ ಒಣ ಬ್ರಷ್ಷಿನಿಂದ ಸಂದುಗಳನ್ನು ಗುಡಿಸಿ, ವ್ಯಾಕ್ಯೂಮ್ ಇದ್ದರೆ ಅದರಿಂದ ಎಳೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ದಿನ ಬಚ್ಚಲನ್ನು ಬಳಸದೆ ಒಣಗಲು ಬಿಡಬೇಕು. ಎಪಾಕ್ಸಿಗೆ ಸಂದು ಪೂರ್ತಿ ಒಣಗಿರಲೇಬೇಕು. ಸಿಮೆಂಟ್ ಗ್ರೌಟಿಗೆ ಇದರ ತದ್ವಿರುದ್ಧ: ತುಂಬಿಸುವ ಮೊದಲು ಸಂದನ್ನು ಸ್ಪಂಜಿನಿಂದ ಹದವಾಗಿ ತೇವ ಮಾಡಬೇಕು, ಆದರೆ ನೀರು ನಿಂತಿರಬಾರದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಒಣ ಸಂದು ಗ್ರೌಟಿನ ನೀರನ್ನು ಒಮ್ಮೆಲೇ ಹೀರಿಕೊಂಡರೆ ಸಿಮೆಂಟು ಬಲಗೊಳ್ಳುವ ಮೊದಲೇ ಒಣಗಿ ಪುಡಿಯಾಗುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳಿನಲ್ಲಿ ಈ ಕೆಲಸವನ್ನು ಬೆಳಗಿನ ಹೊತ್ತೇ ಮುಗಿಸುವುದು ಒಳ್ಳೆಯದು.

ಕಲಸಲು ಬೋರ್ ನೀರು ಬೇಡ. ಅದರ ಲವಣಗಳು ಒಣಗಿದ ಮೇಲೆ ಬಿಳಿಯ ಹೂವಾಗಿ ಮೇಲೇಳುತ್ತವೆ. ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕೊಡ ತಂದರೆ ಕಲಸುವುದಕ್ಕೂ ಒರೆಸುವುದಕ್ಕೂ ಆಗುತ್ತದೆ. ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿಗೆ ಪುಡಿಯನ್ನು ನಿಧಾನವಾಗಿ ಸೇರಿಸಿ ಗಂಟಿಲ್ಲದಂತೆ ಕಲಸಿ, ಐದರಿಂದ ಹತ್ತು ನಿಮಿಷ ಬಿಟ್ಟು, ನೀರು ಹಾಕದೆ ಮತ್ತೊಮ್ಮೆ ಕಲಸಬೇಕು. ಹದ ಉದ್ದಿನ ವಡೆಯ ಹಿಟ್ಟಿನಂತಿದ್ದು, ಕರಣೆಯಿಂದ ತಾನಾಗಿ ಜಾರದಿರಬೇಕು. ರಬ್ಬರ್ ಫ್ಲೋಟನ್ನು (ಅಡಿಗೆ ರಬ್ಬರ್ ಇರುವ ಚಪ್ಪಟೆ ಹಲಗೆಯನ್ನು) 45 ಡಿಗ್ರಿ ವಾಲಿಸಿ, ಸಂದುಗಳಿಗೆ ಓರೆಯಾಗಿ ಎಳೆಯುತ್ತ, ಒಮ್ಮೆಗೆ ಒಂದು ಚದರ ಮೀಟರಿನಷ್ಟು ಜಾಗವನ್ನು ಮಾತ್ರ ತುಂಬಿಸಬೇಕು. ಸಂದಿನ ಉದ್ದಕ್ಕೇ ಎಳೆದರೆ ಫ್ಲೋಟಿನ ಅಂಚು ಒಳಗಿನ ಗ್ರೌಟನ್ನು ತೋಡಿಕೊಂಡು ಬರುತ್ತದೆ. ಹದಿನೈದು ಇಪ್ಪತ್ತು ನಿಮಿಷದ ನಂತರ, ಬಿಸಿಲಿನ ದಿನ ಅದಕ್ಕೂ ಮೊದಲೇ, ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಓರೆಯಾಗಿ ಒರೆಸಬೇಕು. ಸ್ಪಂಜಿನಲ್ಲಿ ನೀರು ಹೆಚ್ಚಿದ್ದರೆ ಬಣ್ಣ ಅಲ್ಲಲ್ಲಿ ಮಾಸುತ್ತದೆ, ಮೇಲ್ಮೈ ದುರ್ಬಲವಾಗುತ್ತದೆ. ಕೆಲವು ಗಂಟೆಗಳ ಬಳಿಕ ಟೈಲ್ಸ್ ಮೇಲೆ ಕಾಣುವ ಮಬ್ಬನ್ನು ಒಣ ಹತ್ತಿ ಬಟ್ಟೆಯಿಂದ ಉಜ್ಜಿದರೆ ಹೋಗುತ್ತದೆ. ಮರುದಿನದಿಂದ ಎರಡು ದಿನ, ದಿನಕ್ಕೆ ಎರಡು ಮೂರು ಬಾರಿ ಸಂದುಗಳಿಗೆ ನೀರು ಚಿಮುಕಿಸುವುದು ಒಳಿತು. ಸ್ನಾನಕ್ಕೆ ಮೂರು ದಿನ ಕಾಯಬೇಕು.

ಎಪಾಕ್ಸಿಯಲ್ಲಿ ರಾಳ, ಹಾರ್ಡನರ್ ಮತ್ತು ಪುಡಿ ಬೇರೆ ಬೇರೆ ಬರುತ್ತವೆ. ಅವುಗಳ ಪ್ರಮಾಣವನ್ನು ಅಂದಾಜಿನಲ್ಲಿ ಬೆರೆಸಿದರೆ ಗ್ರೌಟ್ ಎಂದಿಗೂ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಸೆಕೆ ಹೆಚ್ಚಿದಷ್ಟೂ ಅದು ಬೇಗ ಬಿಗಿಯುವುದರಿಂದ, ಕಲಸಿದ್ದನ್ನು ಡಬ್ಬಿಯಲ್ಲಿ ರಾಶಿಯಾಗಿ ಬಿಡದೆ ಹರಿವಾಣದ ಮೇಲೆ ಹರಡಿಟ್ಟುಕೊಂಡರೆ ಕೊಂಚ ಹೆಚ್ಚು ಸಮಯ ಸಿಗುತ್ತದೆ. ಕೈಗೆ ರಬ್ಬರ್ ಗ್ಲೌಸ್ ಬೇಕು. ಟೈಲ್ಸ್ ಮೇಲೆ ಉಳಿದದ್ದನ್ನು ಗಟ್ಟಿಯಾಗುವ ಮೊದಲೇ ಒರೆಸಿಬಿಡಬೇಕು, ಆಮೇಲೆ ಅದು ಸುಲಭಕ್ಕೆ ಬಿಡುವುದಿಲ್ಲ.

ಗೋಡೆ ಮತ್ತು ನೆಲ ಕೂಡುವ ಮೂಲೆ, ಕಮೋಡಿನ ಬುಡ, ಪೈಪು ಹೊರಬರುವ ಜಾಗ, ಇವಕ್ಕೆ ಯಾವ ಗ್ರೌಟೂ ಬೇಡ. ಅಲ್ಲಿ ಎರಡು ಭಾಗಗಳು ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಗಟ್ಟಿ ವಸ್ತು ಸೀಳುತ್ತದೆ. ಬೂಷ್ಟು ಹಿಡಿಯದ ಸ್ಯಾನಿಟರಿ ಸಿಲಿಕೋನ್ ಹಾಕಿ ಒಂದು ದಿನ ನೀರು ತಾಗದಂತೆ ನೋಡಿಕೊಳ್ಳಬೇಕು. ಸಿಮೆಂಟ್ ಗ್ರೌಟ್ ಪೂರ್ತಿ ಒಣಗಿದ ಮೇಲೆ ಅದಕ್ಕೆ ನೀರು ಹೀರುವುದನ್ನು ತಗ್ಗಿಸುವ ಸೀಲರ್ ದ್ರವ ಹಚ್ಚಬಹುದು, ಎಪಾಕ್ಸಿಗೆ ಅದರ ಅಗತ್ಯವಿಲ್ಲ. ಸ್ನಾನವಾದ ಮೇಲೆ ವೈಪರಿನಿಂದ ನೀರನ್ನು ಎಳೆದುಬಿಟ್ಟರೆ ಉಪ್ಪು ಕಟ್ಟುವುದೇ ಕಡಿಮೆಯಾಗಿ ಆಸಿಡಿನ ಮಾತು ಬರುವುದಿಲ್ಲ. ಮಿಕ್ಕ ಗ್ರೌಟ್ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಬಣ್ಣದ ಸಂಖ್ಯೆಯನ್ನು ಮೇಲೆ ಬರೆದಿಟ್ಟರೆ ಮುಂದೆ ಒಂದೆರಡು ಕಡೆ ಕಿತ್ತುಬಂದಾಗ ಅದೇ ಬಣ್ಣ ಕೈಗೆ ಸಿಗುತ್ತದೆ.