ಪಕ್ಕದವರ ದನ, ನಮ್ಮ ಬೆಳೆ: ನನ್ನ ಅನುಭವ

ಹಳ್ಳಿಯಲ್ಲಿ ಜಮೀನು ಇಟ್ಟುಕೊಂಡವರಿಗೆ ಪಕ್ಕದವರ ದನದ ಕಾಟ ಹೊಸದಲ್ಲ. ಆದರೆ ನಾನು ನೋಡಿದ ಹೆಚ್ಚಿನ ಜಗಳಗಳಲ್ಲಿ ದನದ ಮೇಲಿನ ಸಿಟ್ಟನ್ನು ಯಜಮಾನನ ಮೇಲೆ ತೀರಿಸುತ್ತಾರೆ, ಯಜಮಾನನ ಮೇಲಿನ ಸಿಟ್ಟನ್ನು ದನದ ಬೆನ್ನ ಮೇಲೆ. ಎರಡರಿಂದಲೂ ಬೆಳೆ ಉಳಿಯುವುದಿಲ್ಲ. ದನವನ್ನು ತಡೆಯುವುದೇ ಒಂದು ಕೆಲಸ, ಅದರ ಯಜಮಾನನ ಜೊತೆ ಏಗುವುದು ಇನ್ನೊಂದು ಕೆಲಸ. ನಾನು ಎರಡನ್ನೂ ಬೇರೆ ಬೇರೆ ಇಟ್ಟುಕೊಂಡೆ, ಅದರಿಂದ ತುಂಬಾ ಉಪಯೋಗ ಆಯಿತು.

ನನಗೆ ಎರಡು ಕಡೆಯಿಂದ ತೊಂದರೆ ಇತ್ತು. ಕೆಳಗಿನ ಜಮೀನಿನವರದು ಮೇಕೆಗಳು. ಅವರು ಒಳ್ಳೆಯವರು, ಹೇಳಿದರೆ ಕೇಳುತ್ತಾರೆ, ಆದರೆ ಮೇಕೆ ಕೇಳಬೇಕಲ್ಲ. ಮೇಲಿನ ಜಮೀನಿನವರದು ದನಗಳು. ಅವರ ಮೊದಲ ಮಾತೇ "ನಮ್ಮ ದನ ಬಂದೇ ಇಲ್ಲ, ಹಂದಿ ಬಂದಿರಬೇಕು" ಅಂತ.

ಹಾಗಾಗಿ ಯಾರು ಬಂದರು ಅಂತ ತಿಳಿದುಕೊಳ್ಳುವುದರಿಂದಲೇ ಶುರು ಮಾಡಬೇಕಾಯಿತು. ಇದು ಅಂದುಕೊಂಡಷ್ಟು ಕಷ್ಟ ಅಲ್ಲ. ಹಸುವಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ನಾಲಿಗೆಯಿಂದ ಸೊಪ್ಪನ್ನು ಸುತ್ತಿ ಎಳೆದು ಕೀಳುತ್ತದೆ. ಅದಕ್ಕೇ ಅದು ಮೇಯ್ದ ಗಿಡದ ತುದಿ ಕತ್ತರಿಸಿದಂತೆ ಇರುವುದಿಲ್ಲ, ಹರಿದು ನಾರು ನಾರಾಗಿರುತ್ತದೆ, ಎಳೆ ಗಿಡ ಆದರೆ ಬೇರು ಸಮೇತ ಬಂದಿರುತ್ತದೆ. ಮೇಕೆ ತುಟಿಯಲ್ಲಿ ಆರಿಸಿ ಆರಿಸಿ ಎಳೆ ಎಲೆ ತಿನ್ನುತ್ತದೆ, ಹಿಂಗಾಲ ಮೇಲೆ ನಿಂತು ಕೊಂಬೆ ಎಳೆಯುತ್ತದೆ, ಗಿಡದ ತೊಗಟೆ ಸುಲಿಯುತ್ತದೆ. ತೊಗಟೆ ಸುತ್ತಲೂ ಹೋದರೆ ಆ ಗಿಡದ ಕಥೆ ಮುಗಿಯಿತು. ಕಾಡುಹಂದಿ ಬಂದಿದ್ದರೆ ಕೇಳಲೇಬೇಕಿಲ್ಲ, ನೆಲವನ್ನೇ ಮೂತಿಯಿಂದ ಉತ್ತು ಹಾಕಿರುತ್ತದೆ. ನಮ್ಮಲ್ಲಿ ನೆಲ ಸಮತಟ್ಟಾಗಿತ್ತು, ಗೊರಸಿನ ಗುರುತು ಅಗಲವಾಗಿತ್ತು, ಸಗಣಿಯೂ ಬಿದ್ದಿತ್ತು. ಗುರುತು ಹಿಡಿದು ಹೋದರೆ ಬೇಲಿಯ ಒಂದು ಮೂಲೆ. ಅಲ್ಲಿ ಮೇಲಿನ ತಂತಿಯ ಮುಳ್ಳಿಗೆ ಕೆಂದು ಬಣ್ಣದ ಕೂದಲು ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಕತ್ತಿ ಇಟ್ಟು, ಅಳತೆ ಗೊತ್ತಾಗಲಿ ಅಂತ, ಗೊರಸಿನ ಗುರುತು, ಸಗಣಿ, ಕೂದಲು ಎಲ್ಲದರ ಫೋಟೋ ತೆಗೆದಿಟ್ಟೆ. ತಕ್ಷಣ ಯಾರಿಗೂ ತೋರಿಸಲಿಲ್ಲ.

ಆಮೇಲೆ ಒಂದಷ್ಟು ದಿನ ಸುಮ್ನೆ ಗಮನಿಸಿದೆ. ದನ ಜಾಸ್ತಿ ಮೇಯುವುದು ಬೆಳಗಿನ ಜಾವ ಮತ್ತು ಸಂಜೆ. ಗುಂಪಿನಲ್ಲಿ ಒಂದು ಮುಂದಾಳು ಹಸು ಇರುತ್ತದೆ, ಅದು ಕಂಡಿ ಕಲಿತರೆ ಉಳಿದವು ಹಿಂದೆಯೇ ಬರುತ್ತವೆ. ಇಲ್ಲೂ ಆ ಕೆಂದು ಹಸುವೇ ಮುಂದೆ. ಆಶ್ಚರ್ಯ ಅಂದರೆ ಅದು ಒಳಗೆ ಬಂದ ಕೂಡಲೇ ಬೆಳೆಗೆ ಬಾಯಿ ಹಾಕುತ್ತಿರಲಿಲ್ಲ, ನೇರ ನಮ್ಮ ನೀರಿನ ಹೊಂಡಕ್ಕೆ ಹೋಗುತ್ತಿತ್ತು. ಬೆಳೆ ತಿನ್ನುತ್ತಿದ್ದುದು ವಾಪಸ್ ಹೋಗುವಾಗ. ದೊಡ್ಡ ಹಸು ಸೆಕೆಯ ದಿನದಲ್ಲಿ 40 ಲೀಟರ್‌ಗಿಂತ ಜಾಸ್ತಿ ನೀರು ಕುಡಿಯುವುದು ಮಾಮೂಲು, ಹಾಲು ಕೊಡುವುದಾದರೆ ಇನ್ನೂ ಹೆಚ್ಚು. ಮೇಲಿನವರ ತೊಟ್ಟಿ ಮಧ್ಯಾಹ್ನಕ್ಕೇ ಬರಿದಾಗಿರುತ್ತಿತ್ತು. ಬಾಯಾರಿದ ದನಕ್ಕೆ ಎಂಥ ಬೇಲಿಯೂ ಬೇಲಿಯಲ್ಲ.

ಇನ್ನು ಬೇಲಿ. ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದರೆ ಹಣ ಹೋಗುವುದೂ ಇಲ್ಲೇ, ಪೋಲಾಗುವುದೂ ಇಲ್ಲೇ. ಮುಳ್ಳುತಂತಿ ಮೈಗೆ ಚುಚ್ಚುತ್ತದೆ ಅಷ್ಟೇ, ಹಸಿದ ದನ ಅದನ್ನು ಒತ್ತಿ ಒತ್ತಿ ಸಡಿಲ ಮಾಡುತ್ತದೆ. ಮೇಕೆಗಂತೂ ಅದು ಲೆಕ್ಕಕ್ಕೇ ಇಲ್ಲ, ಕೆಳಗಿನ ಎಳೆಯ ಅಡಿಯಿಂದ ಮರಿ ನುಸುಳುತ್ತದೆ, ಮರಿಯ ಹಿಂದೆ ತಾಯಿ. ನಾನು ಸೋಲಾರ್ ಕರೆಂಟ್ ಬೇಲಿಗೆ ಹೋದೆ. ಇದು ಒಂದು ಸೆಕೆಂಡಿಗೆ ಸುಮಾರು ಒಂದು ಸಲ, ತೀರಾ ಚಿಕ್ಕ ಹೊಡೆತ ಕೊಡುತ್ತದೆ. ವೋಲ್ಟ್ ಜಾಸ್ತಿ, ಆದರೆ ಕಣ್ಣುಮುಚ್ಚಿ ತೆರೆಯುವಷ್ಟು ಹೊತ್ತೂ ಇರುವುದಿಲ್ಲ. ಅದಕ್ಕೇ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಮನೆಯ ಕರೆಂಟನ್ನು ನೇರ ತಂತಿಗೆ ಕೊಡುವವರಿದ್ದಾರಲ್ಲ, ಅದು ಬೇಲಿಯಲ್ಲ, ಕೊಲೆ. ದನವೂ ಸಾಯುತ್ತದೆ, ಕತ್ತಲಲ್ಲಿ ನಡೆದು ಬಂದ ಮನುಷ್ಯನೂ ಸಾಯುತ್ತಾನೆ.

ದನಕ್ಕೆ ತಂತಿಯಲ್ಲಿ ಕನಿಷ್ಠ 3000 ವೋಲ್ಟ್ ಬೇಕು, ಮೇಕೆ ಕುರಿಗೆ 4000ಕ್ಕಿಂತ ಮೇಲೆ ಇದ್ದರೆ ಒಳ್ಳೆಯದು, ಅವುಗಳ ಕೂದಲು, ಉಣ್ಣೆ ತಡೆಯುತ್ತದೆ. ಎತ್ತರ ಪ್ರಾಣಿಯ ಮೂಗಿಗೆ ಸರಿಯಾಗಿರಬೇಕು. ದನಕ್ಕೆ ಮುಖ್ಯ ಎಳೆ 75ರಿಂದ 90 ಸೆಂಟಿಮೀಟರ್ ಎತ್ತರದಲ್ಲಿ, ಮೇಕೆ ಕಡೆಗೆ ನೆಲದಿಂದ 20, 25 ಸೆಂಟಿಮೀಟರ್‌ಗೇ ಮೊದಲ ಎಳೆ, ಅದರ ಮೇಲೆ ಇನ್ನೂ ಮೂರ್ನಾಲ್ಕು. ಹೆಚ್ಚಿನವರ ಬೇಲಿ ಕೆಲಸ ಮಾಡದಿರುವುದಕ್ಕೆ ಕಾರಣ ಹೊಡೆತ ಕೊಡುವ ಯಂತ್ರ ಅಲ್ಲ, ಅರ್ಥಿಂಗ್. ಪ್ರಾಣಿ ತಂತಿ ಮುಟ್ಟಿದಾಗ ಕರೆಂಟ್ ಅದರ ಮೈಯಿಂದ ನೆಲಕ್ಕಿಳಿದು, ನೆಲದಲ್ಲೇ ಹರಿದು ಅರ್ಥ್ ಸರಳಿನ ಮೂಲಕ ಯಂತ್ರಕ್ಕೆ ವಾಪಸ್ ಬರಬೇಕು. ಒಣ ನೆಲದಲ್ಲಿ ಒಂದು ಗಿಡ್ಡ ಕಬ್ಬಿಣದ ತುಂಡು ಹೂತರೆ ಬರುವುದಿಲ್ಲ. ಎರಡು ಮೀಟರ್ ಉದ್ದದ ಮೂರು ಸರಳು, ಒಂದಕ್ಕೊಂದು ಮೂರು ಮೀಟರ್ ದೂರ, ಆದಷ್ಟು ತೇವ ಇರುವ ಕಡೆ. ನಾನು ಹೊಂಡದ ಪಕ್ಕದಲ್ಲೇ ಹೂತೆ. ಕಳೆ ಬೆಳೆದು ತಂತಿಗೆ ತಾಗಿದರೂ ವೋಲ್ಟ್ ಇಳಿಯುತ್ತದೆ, ಮಳೆಗಾಲದಲ್ಲಿ ಇದಕ್ಕಾಗಿಯೇ ಸುತ್ತು ಹೊಡೆಯಬೇಕು. ತಂತಿಗೆ ಅಲ್ಲಲ್ಲಿ ಬಿಳಿ ಪಟ್ಟಿ ಕಟ್ಟಿದೆ, ದನಕ್ಕೆ ತಂತಿ ಕಾಣಬೇಕು, ನೆನಪಿರಬೇಕು. ಕಾಣದೆ ಓಡಿ ಬಂದ ದನ ಹೊಡೆತ ತಿಂದು ಹಿಂದಕ್ಕೆ ಹೋಗುವ ಬದಲು ಮುಂದಕ್ಕೇ ನುಗ್ಗುತ್ತದೆ. ಜನರಿಗೆ ಎಚ್ಚರಿಕೆಯ ಫಲಕವನ್ನೂ ಹಾಕಿದೆ. ಬೇಲಿ ಹಾಕುವ ಮೊದಲೇ ಎರಡೂ ಮನೆಯವರಿಗೆ ಹೋಗಿ ತಿಳಿಸಿದೆ, ಅದು ಮರೆಯಬೇಡಿ.

ಆದರೂ ಒಳಗೆ ಬಂದ ದನವನ್ನು ಓಡಿಸುವುದಕ್ಕೂ ಒಂದು ಕ್ರಮ ಇದೆ. ಕೋಲು ಹಿಡಿದು ಕೂಗಿಕೊಂಡು ಹಿಂದಿನಿಂದ ಓಡಿದರೆ ದನ ತಿಂದದ್ದಕ್ಕಿಂತ ತುಳಿದದ್ದೇ ಜಾಸ್ತಿ ಆಗುತ್ತದೆ. ಅದರ ನೇರ ಹಿಂದೆ ನಿಂತರೆ ಅದಕ್ಕೆ ನೀವು ಕಾಣುವುದೂ ಇಲ್ಲ. ಪಕ್ಕಕ್ಕೆ ಬನ್ನಿ, ಭುಜದಿಂದ ಸ್ವಲ್ಪ ಹಿಂದೆ ನಿಲ್ಲಿ, ನಿಧಾನ ಒಂದು ಹೆಜ್ಜೆ ಹತ್ತಿರ ಹೋಗಿ. ಅದು ಮುಂದೆ ನಡೆಯುತ್ತದೆ. ನಡೆದ ಕೂಡಲೇ ನೀವು ನಿಂತುಬಿಡಿ. ಭುಜ ದಾಟಿ ಮುಂದೆ ಹೋದರೆ ಅದು ತಿರುಗಿಬಿಡುತ್ತದೆ. ಮುಖ್ಯವಾಗಿ ಅದು ಬಂದ ಕಂಡಿಯ ಕಡೆಗೇ ಕಳಿಸಬೇಕು, ರಸ್ತೆಗಲ್ಲ. ಹೋರಿ ಇದ್ದರೆ, ಕರು ಜೊತೆಗಿರುವ ತಾಯಿ ಇದ್ದರೆ ನಾನು ಒಬ್ಬನೇ ಹೋಗುವುದಿಲ್ಲ.

ಕಟ್ಟಿ ಹಾಕುವುದರ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕಟ್ಟಿದ ಮೇಲೆ ಅದರ ನೀರು, ಮೇವು, ನೆರಳು ಎಲ್ಲ ನಿಮ್ಮ ತಲೆಗೆ, ಏನಾದರೂ ಆದರೆ ಮಾತೂ ನಿಮ್ಮ ತಲೆಗೆ. ನಾನು ಕಟ್ಟಿದರೆ ಮೊದಲು ಫೋನ್ ಮಾಡುತ್ತೇನೆ, ಆಮೇಲೆ ಹಗ್ಗ. ಇನ್ನೊಂದು ವಿಷಯ ಯಾರೂ ಯೋಚಿಸುವುದಿಲ್ಲ. ಎಳೆ ಜೋಳದ ಪೈರಿನಲ್ಲಿ ದನಕ್ಕೆ ವಿಷ ಇರುತ್ತದೆ, ಅದರಲ್ಲೂ ಮಳೆಯಿಲ್ಲದೆ ಬಾಡಿದ ಪೈರಿನಲ್ಲಿ. ಹೊಟ್ಟೆತುಂಬ ಮೇಯ್ದರೆ ಸ್ವಲ್ಪ ಹೊತ್ತಿನಲ್ಲೇ ಬೀಳುತ್ತದೆ. ರಾಶಿ ಹಾಕಿದ ಕಾಳು ಜಾಸ್ತಿ ತಿಂದರೂ ಹೊಟ್ಟೆ ಹುಳಿಯಾಗಿ ಸಾಯಬಹುದು. ಬಾಯಿ ಬಿಚ್ಚಿಟ್ಟ ಯೂರಿಯಾ ಚೀಲ ನೆಕ್ಕಿದರಂತೂ ಮುಗಿದೇ ಹೋಯಿತು. ಆಮೇಲೆ ಯಾರು ಏನು ಹೇಳಿದರೂ ಊರೆಲ್ಲ "ವಿಷ ಹಾಕಿದರು" ಅಂತಲೇ ಮಾತಾಡುತ್ತದೆ. ಅದಕ್ಕೇ ಗೊಬ್ಬರದ ಚೀಲವನ್ನು ಒಳಗಿಟ್ಟು, ಬಾಗಿಲು ಹಾಕಿ ಬೀಗ ಜಡಿಯುತ್ತೇನೆ. ಔಷಧಿ ಹೊಡೆದ ದಿನ ಪಕ್ಕದವರಿಗೆ ಮೆಸೇಜ್ ಕಳಿಸುತ್ತೇನೆ, ಅದು ದಾಖಲೆಯಾಗಿಯೂ ಉಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಯಜಮಾನರ ಕಡೆಗೆ ಬಂದೆ. ಬೆಳೆ ಹಾಳಾದ ದಿನ ಹೋಗಲಿಲ್ಲ, ಮಾರನೆಯ ದಿನ ಅವರು ಒಬ್ಬರೇ ಇದ್ದಾಗ ಹೋದೆ. ನಾಲ್ಕು ಜನರ ಎದುರು ಕೇಳಿದರೆ ಯಾರೂ ಒಪ್ಪುವುದಿಲ್ಲ ಅಲ್ವಾ? "ನಿಮ್ಮ ಕೆಂದು ಹಸು ನೀರಿಗೆ ಬರುತ್ತಿದೆ, ಈ ಮೂಲೆಯಿಂದ" ಅಂತ ಮಾತ್ರ ಹೇಳಿ ಫೋಟೋ ತೋರಿಸಿದೆ. ನಷ್ಟ, ಪರಿಹಾರ ಯಾವ ಮಾತೂ ಎತ್ತಲಿಲ್ಲ. ಹೊಂಡದಿಂದ ಅವರ ತೊಟ್ಟಿಗೆ ಒಂದು ಪೈಪ್ ಎಳೆಯೋಣ, ಪೈಪ್ ನಿಮ್ಮದು, ನೀರು ನನ್ನದು ಅಂದೆ. ಅವರು ಹಂದಿಯ ವಿಷಯ ಮತ್ತೆ ತೆಗೆದರು. ನಾನು ವಾದ ಮಾಡಲಿಲ್ಲ. ಸ್ವಲ್ಪ ದಿನ ಬಿಟ್ಟು ಪೈಪ್ ತಂದರು.

ಮೇಕೆಯವರ ಜೊತೆ ಬೇರೆ ಒಪ್ಪಂದ. ಕೊಯ್ಲಾದ ಮೇಲೆ ಉಳಿದ ಸೊಪ್ಪು, ಕೂಳೆ ಮೇಯಿಸಿಕೊಳ್ಳಿ, ಬೆಳೆ ಇರುವಾಗ ಮೇಕೆಯನ್ನು ಆ ಪಕ್ಕಕ್ಕೆ ಬಿಡಬೇಡಿ ಅಂತ. ಅವರಿಗೆ ಮೇವು, ನಮ್ಮ ಹೊಲಕ್ಕೆ ಹಿಕ್ಕೆ. ತಾರೀಖು ಹಾಕಿ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಇಟ್ಟುಕೊಂಡಿದ್ದೇವೆ, ಜಗಳ ಇಲ್ಲದಾಗಲೇ ಬರೆದರೆ ಬೇಸರವೂ ಇರುವುದಿಲ್ಲ.

ಯಾವುದಕ್ಕೂ ಬಗ್ಗದವರು ಇದ್ದೇ ಇರುತ್ತಾರೆ. ಅಂಥವರಿಗೆ ಬರಹದಲ್ಲಿ ತಿಳಿಸಿ, ಫೋಟೋ, ತಾರೀಖು ಎಲ್ಲ ಜೋಡಿಸಿಟ್ಟು ಅಧಿಕಾರಿಗಳ ಹತ್ತಿರ ಹೋಗುವುದೇ ದಾರಿ. ಹೋಗುವ ಮೊದಲು ನಿಮ್ಮ ಕಡೆ ಕಾನೂನು ಏನು ಹೇಳುತ್ತದೆ ನೋಡಿ. ಕೆಲವು ಕಡೆ ದನ ಕಟ್ಟಿ ಸಾಕುವುದು ಯಜಮಾನನ ಹೊಣೆ, ಕೆಲವು ಕಡೆ ಬೇಲಿ ಹಾಕಿಕೊಳ್ಳುವುದು ಜಮೀನಿನವನ ಹೊಣೆ. ಗಡಿ ಕಲ್ಲು ಎಲ್ಲಿದೆ ಅನ್ನುವುದೂ ಖಚಿತವಾಗಿರಲಿ, ಬೇಲಿಯೇ ಅವರ ಜಾಗದಲ್ಲಿದ್ದರೆ ನಿಮ್ಮ ದೂರು ಅಲ್ಲೇ ಬಿದ್ದುಹೋಗುತ್ತದೆ.

ನಮ್ಮಲ್ಲಿ ಅಲ್ಲಿಯವರೆಗೆ ಹೋಗಲಿಲ್ಲ. ಮೇಲಿನವರು ಈಗಲೂ ಬಂದದ್ದು ಹಂದಿ ಅಂತಲೇ ಅನ್ನುತ್ತಾರೆ, ಆದರೆ ಬೇಲಿಯ ಆ ಬದಿಯ ಕಳೆಯನ್ನು ಅವರೇ ಕೊಯ್ಯುತ್ತಾರೆ.