ಸೆಟೆದ ಕಾಲನ್ನು ಸಡಿಲ ಮಾಡುವುದು: ನನ್ನ ಅನುಭವ

ನಾನು ಮಂಡ್ಯದಲ್ಲಿ ಫಿಸಿಯೋಥೆರಪಿಸ್ಟ್. ಸ್ಟ್ರೋಕ್ ಆದವರನ್ನು ಕರೆತರುವ ಮನೆಯವರು ಹೆಚ್ಚಾಗಿ ಹೇಳುವುದು ಒಂದೇ ಮಾತು: "ನರ ಹಿಡ್ಕೊಂಡದೆ ಸಾರ್, ಚೆನ್ನಾಗಿ ತಿಕ್ಕಿ ಬಿಡ್ಸಿ." ಬಿಗಿ ಕಾಣುವುದು ಮೀನಖಂಡದಲ್ಲಿ, ಪೆಟ್ಟು ಬಿದ್ದಿರುವುದು ಮೆದುಳಿಗೆ. ಮೆದುಳಿನ ಹಿಡಿತ ತಪ್ಪಿದ ಸ್ನಾಯುವನ್ನು ರಭಸದಿಂದ ಎಳೆದಷ್ಟೂ ಅದು ಜಾಸ್ತಿ ಬಿಗಿಯುತ್ತದೆ.

ಹಾಗಾಗಿ ಮೊದಲು ಎರಡು ಸಲ ಪರೀಕ್ಷೆ ಮಾಡುತ್ತೇನೆ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, ಪಾದವನ್ನು ಮುಂಗೈಗೆ ಆನಿಸಿ, ಒಮ್ಮೆ ಬೇಗ ಮೇಲಕ್ಕೆ ಒತ್ತುತ್ತೇನೆ. ಪಾದ ತಟ್ಟನೆ ತಡೆಯುತ್ತದೆ, ಕೆಲವರಿಗೆ ಪಟಪಟ ಅಂತ ಅದುರುತ್ತದೆ. ಆಮೇಲೆ ನಿಧಾನವಾಗಿ ಒತ್ತುತ್ತೇನೆ. ಈಗ ಬಗ್ಗಿತೋ, ಅದು ಸ್ಪಾಸ್ಟಿಸಿಟಿ, ಅಂದರೆ ಮೆದುಳಿನ ಹಿಡಿತ ತಪ್ಪಿ ಬಂದ ಬಿಗಿ. ನಿಧಾನಕ್ಕೂ ಬಗ್ಗದಿದ್ದರೆ ಸ್ನಾಯುವೇ ಗಿಡ್ಡವಾಗಿರುತ್ತದೆ. ಅದಕ್ಕೆ ಬರೀ ಕೈಯ ಕೆಲಸ ಸಾಲದು.

ಮಂಡಿ ನೇರ ಇಟ್ಟು ಒಂದು ಸಲ, ಮಡಚಿ ಒಂದು ಸಲ, ನಿಧಾನವಾಗಿ ಹಿಗ್ಗಿಸಿ ಹಿಡಿಯುತ್ತೇನೆ. ಮೀನಖಂಡದಲ್ಲಿ ಎರಡು ದೊಡ್ಡ ಸ್ನಾಯುಗಳಿವೆ, ಎರಡಕ್ಕೂ ಎಳೆತ ಸಿಗಬೇಕಲ್ವಾ? ಆದರೆ ಹೀಗೆ ಬಂದ ಸಡಿಲ ಜಾಸ್ತಿ ಹೊತ್ತು ಇರುವುದಿಲ್ಲ. ತಕ್ಷಣ ಎಬ್ಬಿಸಿ, ಸೋತ ಕಾಲಿನ ಮೇಲೆ ಭಾರ ಹಾಕಿಸುತ್ತೇನೆ. ಜಗಲಿ ಮೇಲೆ ಕೂತು ಏಳುವುದು ಮನೆಯಲ್ಲೇ ಮಾಡಬಹುದಾದ ಒಳ್ಳೆಯ ವ್ಯಾಯಾಮ. ಪಕ್ಕದಲ್ಲಿ ಒಬ್ಬರು ಇರಬೇಕು, ಅಷ್ಟೇ.

ಎಲ್ಲ ಬಿಗಿಯನ್ನೂ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಪಾಂಡವಪುರದ ಕಡೆಯ ಕಬ್ಬು ಬೆಳೆಯುವ ಹಿರಿಯರೊಬ್ಬರಿಗೆ ಮಕ್ಕಳು ಇಡೀ ಕಾಲಿಗೆ ಬೊಟಾಕ್ಸ್, ಅಂದರೆ ಸ್ನಾಯು ಸಡಿಲಿಸುವ ಇಂಜೆಕ್ಷನ್, ಕೊಡಿಸೋಣ ಅಂತಿದ್ದರು. ಅವರ ತೊಡೆಯ ಬಿಗಿಯೇ ಅವರಿಗೆ ಊರುಗೋಲು. ಅದು ಹೋದರೆ ಮಂಡಿ ಕುಸಿಯುತ್ತಿತ್ತು. ಡಾಕ್ಟರ ಜೊತೆ ಮಾತಾಡಿ ಮೀನಖಂಡಕ್ಕೆ ಮಾತ್ರ ಹಾಕಿಸಿದೆವು. ಆ ಇಂಜೆಕ್ಷನ್ನಿನ ಗುಣ ಇರುವುದು ಸುಮಾರು 3 ತಿಂಗಳು. ಅಷ್ಟರಲ್ಲಿ ವ್ಯಾಯಾಮ ಮಾಡದಿದ್ದರೆ ಸುಮ್ನೆ ದುಡ್ಡು ದಂಡ. ಬಿಗಿ ಕಡಿಮೆ ಮಾಡುವ ಬ್ಯಾಕ್ಲೋಫೆನ್ ಮಾತ್ರೆ ತಗೊಳ್ಳುವವರು ಅದನ್ನು ತಾವಾಗಿಯೇ ದಿಢೀರನೆ ನಿಲ್ಲಿಸಬಾರದು, ಅಪಾಯ.

ಸರಿಯಿದ್ದ ಕಾಲು ಇದ್ದಕ್ಕಿದ್ದಂತೆ ಬಿಗಿಯಾದರೆ ಕಾಲನ್ನಷ್ಟೇ ನೋಡಿದರೆ ಆಗದು. ಮೈಯಲ್ಲಿ ಬೇರೆಲ್ಲೋ ತೊಂದರೆಯಿದ್ದರೂ ಬಿಗಿ ಜಾಸ್ತಿಯಾಗುತ್ತದೆ, ಹಾಗಾಗಿ ಉರಿಮೂತ್ರ, ಮಲಬದ್ಧತೆ, ಬೆನ್ನಿನ ಹುಣ್ಣು ಇದೆಯಾ ಅಂತ ಕೇಳುತ್ತೇನೆ. ಒಬ್ಬ ಅಜ್ಜಿಗೆ ಹೆಬ್ಬೆರಳ ಉಗುರು ಒಳಗೆ ಬೆಳೆದು ಕೀವಾಗಿತ್ತು. ಅದು ವಾಸಿಯಾದ ಮೇಲೆ ಕಾಲೂ ಸಡಿಲವಾಯಿತು.

ಇನ್ನು ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ, ಎಎಫ್‌ಒ. ಅದಕ್ಕೆ ಶೂ ಬೇಕು, ನಮ್ಮವರು ಹೊಸಿಲಲ್ಲೇ ಬಿಚ್ಚಿಡುತ್ತಾರೆ. ದಿನವೆಲ್ಲ ಓಡಾಡುವುದು ಮನೆಯೊಳಗೇ! ಒಳಗೆ ಮಾತ್ರ ಹಾಕಲು ಬೇರೆ ಒಂದು ಜೊತೆ ಇಡಿ ಅಂದ ಮೇಲೆ ಬಹಳಷ್ಟು ಮನೆಗಳಲ್ಲಿ ಒಪ್ಪಿದ್ದಾರೆ, ದೇವರ ಮನೆ ಕಡೆ ಹೋಗಬಾರದು ಅನ್ನುವ ಷರತ್ತಿನ ಮೇಲೆ.