ಇಪ್ಪತ್ತೊಂದು ಅಂಕಿಗಳ ಸಂಖ್ಯೆಯೂ ನನ್ನ ಸ್ಪ್ರೆಡ್‌ಶೀಟೂ

ಬದಿಯಡ್ಕದ ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡುವಾಗ, 2ರ 67ನೇ ಘಾತದಿಂದ 1 ಕಳೆದ ಸಂಖ್ಯೆಯನ್ನು ಸ್ಪ್ರೆಡ್‌ಶೀಟಿನಲ್ಲಿ ತೋರಿಸಹೊರಟೆ. 1644ರಲ್ಲಿ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯವೆಂದಿದ್ದರು. 1876ರಲ್ಲಿ ಲ್ಯೂಕಾ ಅಲ್ಲವೆಂದು ಸಾಧಿಸಿದರೂ ಅಪವರ್ತನಗಳನ್ನು 1903ರಲ್ಲಿ ಕೊಟ್ಟವರು ಕೋಲ್. ಪರದೆಯಲ್ಲಿ ಮೂಡಿದ್ದು 147573952589676000000. "ಮಾಷ್ಟ್ರೇ, ಬೆಸ ಆಗಬೇಕಾದದ್ದು ಸಮವಾಯಿತಲ್ಲ?" ಎಂದು ಒಬ್ಬಳು ಕೇಳಿದಾಗಲೇ ನನಗೆ ಎಚ್ಚರವಾದದ್ದು.

ಸ್ಪ್ರೆಡ್‌ಶೀಟು 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಮುಂದಿನವನ್ನು ಸೊನ್ನೆಯಾಗಿಸುತ್ತದೆ. ನಿಜವಾದ ಕೊನೆಯ ಅಂಕಿಗಳು 412927. ಕೋಶವನ್ನು ಮೊದಲೇ ಪಠ್ಯರೂಪಕ್ಕೆ ಬದಲಿಸಿ ಸಂಖ್ಯೆಯನ್ನು ಟೈಪಿಸಿದರೆ ಅಂಕಿಗಳೆಲ್ಲ ಕಾಣುತ್ತವೆ, ಆದರೆ ಅದರ ಮೇಲೆ ನಿಖರ ಲೆಕ್ಕ ನಡೆಯುವುದಿಲ್ಲ.

ಕೋಲ್ ಕೊಟ್ಟ ಅಪವರ್ತನಗಳಲ್ಲೊಂದಾದ 193707721 ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆಯೇ ಎಂದು ತಿಳಿಯಲು ಇಡೀ ಸಂಖ್ಯೆ ಬೇಕಿಲ್ಲ, 2ರ ಘಾತಗಳ ಶೇಷಗಳು ಸಾಕು. ಮೊದಲು ಶೇಷಗಳನ್ನು ವರ್ಗ ಮಾಡುತ್ತ ಹೋದೆ. ವರ್ಗಗಳು 17 ಅಂಕಿಗಳವರೆಗೆ ಬೆಳೆಯಬಹುದಾದ್ದರಿಂದ ಅದೇ ಹಳ್ಳಕ್ಕೆ ಮತ್ತೆ ಬಿದ್ದೆ. ಕೊನೆಗೆ ಮೊದಲ ಸಾಲಿನಲ್ಲಿ 2 ಬರೆದು, ಪ್ರತಿ ಸಾಲಿನಲ್ಲೂ ಹಿಂದಿನದನ್ನು ಇಮ್ಮಡಿಸಿ, ಅದು ಭಾಜಕವನ್ನು ಮುಟ್ಟಿದರೆ ಅಥವಾ ಮೀರಿದರೆ ಒಮ್ಮೆ ಭಾಜಕವನ್ನು ಕಳೆಯುವಂತೆ ಸೂತ್ರ ಹಾಕಿದೆ. ಹೀಗೆ ಯಾವ ಹಂತವೂ 9 ಅಂಕಿಗಳನ್ನು ದಾಟುವುದಿಲ್ಲ. 28ನೇ ಸಾಲಿನಲ್ಲಿ ಮೊದಲ ಕಳೆಯುವಿಕೆ ನಡೆದು 74727735 ಬಂತು. 67ನೇ ಸಾಲಿನಲ್ಲಿ, ಅಂದರೆ 2ರ 67ನೇ ಘಾತಕ್ಕೆ, ಶೇಷ 1. ಅದರಿಂದ 1 ಕಳೆದರೆ ಸೊನ್ನೆ. ಅಂದರೆ ಭಾಗಾಕಾರ ನಿಶ್ಶೇಷ, ಭಾಗಲಬ್ಧ 761838257287.

ಈ ಸಂಖ್ಯೆಯ ಅವಿಭಾಜ್ಯ ಅಪವರ್ತನವು 134ರ (ಘಾತ 67ರ ಎರಡರಷ್ಟು) ಗುಣಕಕ್ಕಿಂತ 1 ಹೆಚ್ಚಿರಲೇಬೇಕು. ಅದನ್ನು ಮಕ್ಕಳೇ ಕಾಗದದಲ್ಲಿ ತಾಳೆ ನೋಡಿದರು: 134 × 1445580 + 1.